ಮುಳ್ಳು ಚುಚ್ಚಿದ ನೆಪದಲ್ಲಿ

ಬೆಂಗಳೂರಿನ ವಿ.ವಿ. ಪುರಂ ತಿಂಡಿ ಬೀದಿಯಲ್ಲಿ ನಿಂತು ತುಪ್ಪ ಸುರಿದ ಹೋಳಿಗೆ ತಿನ್ನುವಾಗ ಮೈಯೊಳಗಿನ ಕಾವಲಿನ ಬಗ್ಗೆ ಯಾರಾದರೂ ಯೋಚಿಸುತ್ತಾರೆಯೇ? ನಾನು ಯೋಚಿಸುತ್ತೇನೆ. ಮೊದಲ ತುತ್ತು ಬಾಯಿಗೆ ಬೀಳುವ ಹೊತ್ತಿಗೇ ಜೊಲ್ಲಿನಲ್ಲಿ ಲೈಸೋಜೈಮ್ ಎಂಬ ಕಿಣ್ವ ಕಾಯುತ್ತಿರುತ್ತದೆ. ಬ್ಯಾಕ್ಟೀರಿಯಾದ ಗೋಡೆ ಕತ್ತರಿಸುವುದೇ ಅದರ ಕೆಲಸ. ಪೆನಿಸಿಲಿನ್‌ನ ಫ್ಲೆಮಿಂಗ್ ಅದಕ್ಕೂ ಮೊದಲು, 1921ರಲ್ಲಿ, ನೆಗಡಿಯ ಸಿಂಬಳದಲ್ಲಿ ಕಂಡದ್ದು ಇದನ್ನೇ. ಹೋಳಿಗೆ ತಿನ್ನುವಾಗ ಸಿಂಬಳದ ಮಾತೇಕೆ ಅಂತೀರಾ? ಸರಿ, ಸಜ್ಜನರಾವ್ ಸರ್ಕಲ್ ಕಡೆ ನಡೆಯುತ್ತಾ ಮುಳ್ಳಿನ ಮಾತಾಡೋಣ.

ಕಾಲಿಗೆ ಮುಳ್ಳು ಚುಚ್ಚಿತು ಅನ್ನಿ. ಅದರ ಜೊತೆ ಬ್ಯಾಕ್ಟೀರಿಯಾವೂ ಒಳಗಿಳಿಯಿತು. ಚರ್ಮದಡಿ ಬೀಡುಬಿಟ್ಟಿರುವ ಕಾವಲು ಕೋಶಗಳಾದ ಮ್ಯಾಕ್ರೋಫೇಜ್‌ಗಳು ಹಳೇ ವಠಾರದ ಜಗಲಿಯಲ್ಲಿ ಕೂತ ಅಜ್ಜಿಯ ಹಾಗೆ: ಬಂದವರ ಹೆಸರು ಗೊತ್ತಿಲ್ಲದಿದ್ದರೂ ನಮ್ಮವರಲ್ಲ ಎಂಬುದು ನೋಡಿದೊಡನೆ ತಿಳಿಯುತ್ತದೆ. ಬ್ಯಾಕ್ಟೀರಿಯಾದ ಹೊರಪದರದ ಅಣುಗಳೇ ಅವಕ್ಕೆ ಗುರುತು. ಸಿಕ್ಕಿದ್ದನ್ನು ನುಂಗುತ್ತಲೇ ಸೈಟೋಕೈನ್‌ಗಳನ್ನು ಬಿಟ್ಟು ಸುದ್ದಿ ಹಬ್ಬಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಹಿಂಡುಹಿಂಡಾಗಿ ಬರುತ್ತವೆ. ಕೆಂಪು, ಬಿಸಿ, ಊತ, ನೋವು ಎಲ್ಲವೂ ಈ ಓಡಾಟದ ಫಲ. ಕೀವೆಂದರೆ ಬಹುಪಾಲು ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳು. ಮುಖ ಸಿಂಡರಿಸಬೇಡಿ, ಅದಕ್ಕೊಂದು ಗೌರವ ಸಲ್ಲಬೇಕು.

ಮುಳ್ಳು ಅಂದಾಗ ಜೀವವಿಜ್ಞಾನಿ ಮೆಚ್ನಿಕಾಫ್ ನೆನಪಾಗದೆ ಇರುತ್ತಾನೆಯೇ! 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ, ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ದಾಗ, ಈತ ಗಾಜಿನಂತೆ ತಿಳಿಯಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿದ. ಬೆಳಗಾಗುವಷ್ಟರಲ್ಲಿ ಕೋಶಗಳು ಮುಳ್ಳನ್ನು ಮುತ್ತಿದ್ದವು. ಆ ಎಳೆ ಹಿಡಿದು ಹೋದವನಿಗೆ 1908ರಲ್ಲಿ ನೊಬೆಲ್ ಬಂತು.

ಅವನ ಶಿಷ್ಯ ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಮಾಡಿದ. ನೋಡಿ, ಮಾತು ತಾನಾಗಿಯೇ ನಮ್ಮೂರಿಗೆ ಬಂತು. ಮರುವರ್ಷವೇ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಪೇಟೆಯ ಇಕ್ಕಟ್ಟಿಗೆ ಹೆದರಿದ ಜನಕ್ಕೆ ಬಸವನಗುಡಿ, ಮಲ್ಲೇಶ್ವರಗಳು ನೆಲೆಯಾದವು; ಪ್ಲೇಗಮ್ಮನಿಗೆ ಗುಡಿಗಳೆದ್ದವು. ನಾವಿಂದು ಹಾಯಾಗಿ ಓಡಾಡುವ ಅಗಲ ರಸ್ತೆಗಳ ಹಿಂದೆ ಅಷ್ಟು ಸಾವುಗಳಿವೆ.

ಮೈಯ ಜಗಲಿಯಲ್ಲಿ ಅಷ್ಟು ಗಟ್ಟಿ ಕಾವಲಿದ್ದೂ ಹಾಗೇಕಾಯಿತು? ಪ್ಲೇಗಿನ ಬ್ಯಾಕ್ಟೀರಿಯಾ ಚಿಗಟದ ಮೈಯಲ್ಲಿ ಒಂದು ಬಗೆಯಲ್ಲಿರುತ್ತದೆ. ಚಿಗಟ ಕಚ್ಚಿದಾಗ ಒಳಗಿಳಿದು ನಮ್ಮ ಮೈಯ 37 ಡಿಗ್ರಿ ಶಾಖ ತಗುಲಿದೊಡನೆ, ಮ್ಯಾಕ್ರೋಫೇಜ್ ಗುರುತಿಸುವ ಹೊರಪದರದ ಕೊಬ್ಬನ್ನೇ ಬದಲಿಸಿಕೊಳ್ಳುತ್ತದೆ. ಸಾಲದ್ದಕ್ಕೆ, ನುಂಗಲು ಬಂದ ಕೋಶಕ್ಕೆ ತನ್ನ ಪ್ರೋಟೀನ್ ಚುಚ್ಚಿ ಸುಮ್ಮನಾಗಿಸುತ್ತದೆ. ಮೈ ಎಚ್ಚೆತ್ತುಕೊಳ್ಳುವಷ್ಟರಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಎದ್ದಿರುತ್ತದೆ.

ಆ ಕಾಲದಲ್ಲಿ ಇಲ್ಲದ ಆಂಟಿಬಯೊಟಿಕ್ ಇಂದು ಇದೆ. ಹೊತ್ತಿಗೆ ಸರಿಯಾಗಿ ಕೊಟ್ಟರೆ ಪ್ಲೇಗೂ ವಾಸಿಯಾಗುತ್ತದೆ. ಆದ್ದರಿಂದ ಗಾಯದ ಕೆಂಪು ಹರಡುತ್ತಾ ಹೋದರೆ, ಚಳಿಜ್ವರ ಹತ್ತಿದರೆ, ಬರೀ ಅರಿಶಿನ ಮೆತ್ತಿ ಕೂರಬೇಡಿ. ಅಂದೇ ಡಾಕ್ಟರಿಗೆ ತೋರಿಸಿ.