ಸೂರ್ಯನ ಅನಿಲ, ಅವ್ವನ ಬೈಗುಳ

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಗೌನಿಪಲ್ಲಿಯ ಮದುವೆಗಳಿಗೆ ಎರಡು ಭಾಷೆ. ಲಗ್ನಪತ್ರಿಕೆ ಕನ್ನಡದಲ್ಲಿ, ಜಗಳ ತೆಲುಗಿನಲ್ಲಿ. ಆಂಧ್ರದ ಗಡಿ ಪಕ್ಕದ ಊರಿಗೆ ಇದು ಸಹಜವೇ. ಎರಡನ್ನೂ ಒಂದೇ ಶ್ರದ್ಧೆಯಿಂದ ದಾಖಲಿಸುವವನು ನಮ್ಮ ಸ್ಟುಡಿಯೋ ಬಾವ. ವರಸೆಯಲ್ಲಿ ನನ್ನ ಸೋದರಮಾವನ ಮಗ, ವೃತ್ತಿಯಲ್ಲಿ ಫೋಟೋ, ವಿಡಿಯೋ ಮತ್ತು ಮಿಕ್ಸಿಂಗ್. ಅವನ ಮಿಕ್ಸಿಂಗಿನಲ್ಲಿ ವಧೂವರರು ಗುಲಾಬಿ ಹೂವಿನೊಳಗಿಂದ ಎದ್ದು ಬರುತ್ತಾರೆ. ರೇಷ್ಮೆ ಸೀರೆ, ಪಂಚೆಯಲ್ಲೇ ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ತೇಲುತ್ತಾರೆ. ಚಳಿಯಾಗುತ್ತದೆಯೇ ಎಂದು ಯಾರೂ ಕೇಳಿದ್ದಿಲ್ಲ.

ಮೊದಲು ಅವನ ಅಂಗಡಿಯಲ್ಲಿ ಕ್ಯಾಸೆಟ್ಟುಗಳಿದ್ದವು, ಆಮೇಲೆ ಡಿವಿಡಿ. ಕ್ಯಾಮೆರಾ ಚೆನ್ನಾದಷ್ಟೂ ಒಂದೊಂದು ಮದುವೆಯೂ ನೂರಾರು ಜಿಬಿ ತಿನ್ನತೊಡಗಿತು. ಬಾವ 10 ಟಿಬಿಯ ದೊಡ್ಡ ಹಾರ್ಡ್ ಡಿಸ್ಕ್ ತಂದು, ಅರಿಶಿನ ಕುಂಕುಮ ಇಟ್ಟು, ಸುತ್ತಮುತ್ತಲ ಹಳ್ಳಿಗಳ ಮದುವೆ, ನಾಮಕರಣ, ಗೃಹಪ್ರವೇಶವನ್ನೆಲ್ಲ ಅದಕ್ಕೆ ತುಂಬಿದ. ಒಂದು ಸಲ ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಅದು ಟಕ್, ಟಕ್ ಎನ್ನತೊಡಗಿತು. ಕಂಪ್ಯೂಟರ್ ಮಾತ್ರ ಅಂಥದ್ದೊಂದು ಡಿಸ್ಕ್ ಇರುವುದನ್ನೇ ಒಪ್ಪಲಿಲ್ಲ.

“ಏಮಾಯ ಬಾವಾ?” ಅಂದೆ.

“ಊರಿನ ಮದುವೆಗಳೆಲ್ಲ ಒಳಗೈತೆ. ಬಾಗಿಲು ತೆಗೀತಿಲ್ಲ” ಅಂದ.

ಶ್ರೀನಿವಾಸಪುರ, ಚಿಂತಾಮಣಿ, ಹೊಸಕೋಟೆ ದಾಟಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಬಸ್ಸಿನಲ್ಲಿ ಬಾವ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಕಂಡಕ್ಟರ್ ಮಗುವೆಂದುಕೊಂಡು ಕಿಟಕಿ ಹಾಕಿಕೊಳ್ಳಿ ಅಂದ.

ಡೇಟಾ ರಿಕವರಿ ಅಂಗಡಿಯ ಹುಡುಗ ಡಿಸ್ಕನ್ನು ಒಮ್ಮೆ ತಿರುಗಿಸಿ ನೋಡಿ, “ಇದು ಹೀಲಿಯಂದು ಸಾರ್” ಎಂದು ದನಿ ತಗ್ಗಿಸಿದ. ಪಕ್ಕದಲ್ಲಿದ್ದ ಹಳೆಯ ಡಿಸ್ಕೊಂದನ್ನು ತೋರಿಸಿದ. ಅದರ ಮುಚ್ಚಳದಲ್ಲಿ ಸಣ್ಣ ತೂತು, ಅದನ್ನು ಮುಚ್ಚಬಾರದೆಂಬ ಎಚ್ಚರಿಕೆ. ಒಳಹೊರಗಿನ ಗಾಳಿಯ ಒತ್ತಡ ಸರಿದೂಗಲಿ ಎಂದು ಶೋಧಕ ಹಾಕಿ ಬಿಟ್ಟ ತೂತು ಅದು. ನಮ್ಮದಕ್ಕೆ ತೂತೇ ಇಲ್ಲ. ಸ್ಕ್ರೂ ಬಿಗಿದ ಮುಚ್ಚಳದ ಮೇಲೆ ಇನ್ನೊಂದು ತೆಳು ಮುಚ್ಚಳ, ಅದರ ಅಂಚಿಗೆ ಸುತ್ತಲೂ ಲೇಸರ್ ಬೆಸುಗೆ.

ಅಷ್ಟು ಭದ್ರತೆ ಯಾಕೆಂದರೆ ಒಳಗಿರುವ ಹೀಲಿಯಂ ಸುಲಭವಾಗಿ ಸೋರಿಹೋಗುವ ಅನಿಲ. ಅದರ ಗುರುತು ಮೊದಲು ಸಿಕ್ಕಿದ್ದು ಸೂರ್ಯನಲ್ಲಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಜಮಖಂಡಿಯ ಮೇಲೂ ಹಾದಿತ್ತು. ಲೆಫ್ಟಿನೆಂಟ್ ಜಾನ್ ಹರ್ಷಲ್ ಅಲ್ಲಿ ಮೋಡಗಳ ಕಾಟದ ನಡುವೆ ರೋಹಿತದರ್ಶಕ ಹಿಡಿದು ಕೂತಿದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಇದ್ದರು. ಅದೇ ವರ್ಷ ಸೂರ್ಯನ ಬೆಳಕಿನಲ್ಲಿ ಸಿಕ್ಕ ಗುರುತಿಲ್ಲದ ಹಳದಿ ಗೆರೆಯ ಒಡೆಯನಿಗೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ರಸಾಯನವಿಜ್ಞಾನಿ ರಾಮ್ಸೆಯವರ ಕೈಗೆ ಸಿಕ್ಕಿದ್ದು 1895ರಲ್ಲಿ. 2013ರಲ್ಲಿ ಎಚ್‌ಜಿಎಸ್‌ಟಿ ಕಂಪನಿ ಅದನ್ನು ಮೊದಲ ಬಾರಿಗೆ 6 ಟಿಬಿ ಡಿಸ್ಕಿನೊಳಗೆ ತುಂಬಿ ಮಾರುಕಟ್ಟೆಗೆ ಬಿಟ್ಟಿತು. ಮಿಕ್ಕವರೂ ಅದೇ ದಾರಿ ಹಿಡಿದರು. ಹೀಲಿಯಂ ಸಾಂದ್ರತೆ ಗಾಳಿಯ ಏಳರಲ್ಲಿ ಒಂದು ಪಾಲು. ತಟ್ಟೆಗಳು ಗಾಳಿಯ ಹೊಡೆತವಿಲ್ಲದೆ ಅಲುಗದೆ ತಿರುಗುತ್ತವೆ, ಕರೆಂಟು ಉಳಿಯುತ್ತದೆ, ಐದು ತಟ್ಟೆ ಕೂರುವ ಜಾಗದಲ್ಲಿ ಏಳು ಕೂರುತ್ತವೆ. ಓದುವ ಹೆಡ್ಡು ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತದೆ.

ಇದನ್ನು ಕೇಳಿ ಬಾವ, “ಸೂರ್ಯನ ಗಾಳಿ ತುಂಬಿದ್ರೆ ಸುಡದೆ ಇರ್ತದಾ? ನಮಗ್ಯಾಕೆ ಹೇಳಲಿಲ್ಲ?” ಎಂದು ಹುಡುಗನನ್ನೇ ದಬಾಯಿಸಿದ.

ಟಕ್ ಎನ್ನುವುದು ಹೆಡ್ಡು. ತನ್ನ ದಾರಿಯ ಗುರುತು ಸಿಗದೆ ಮೂಲಸ್ಥಾನಕ್ಕೆ ಮರಳಿ, ಮತ್ತೆ ಹೊರಟು, ಮತ್ತೆ ಮರಳುವ ಸದ್ದು. ಮಾಮೂಲಿ ಡಿಸ್ಕಾದರೆ ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ, ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಹೆಡ್ಡು ಕಸಿ ಮಾಡಿ ಓದಿಸುತ್ತಾರೆ. ಇದರಲ್ಲಿ ಬೆಸುಗೆ ಕೊಯ್ದ ಕ್ಷಣವೇ ಹೀಲಿಯಂ ಹೊರಟುಹೋಗುತ್ತದೆ. ಏಳು ಪಟ್ಟು ದಟ್ಟವಾದ ಗಾಳಿ ನುಗ್ಗಿದರೆ ಹೆಡ್ಡು ತೇಲುವ ಎತ್ತರವೇ ಏರುಪೇರು. ಹೆಡ್ಡು ಬದಲಿಸಿ, ಮತ್ತೆ ಹೀಲಿಯಂ ತುಂಬಿ, ತಾತ್ಕಾಲಿಕವಾಗಿ ಮುಚ್ಚಿ, ಅದು ಸೋರುವುದರೊಳಗೆ ನಕಲು ಇಳಿಸಿಕೊಳ್ಳಬೇಕು. ಮಾಡಬಲ್ಲವರು ಕಡಿಮೆ, ದರ ಹೆಚ್ಚು. ಕೋಲಾರ ಜಿಲ್ಲೆಯವರಾದ ನಮಗೆ ಇದು ಬೋರ್‌ವೆಲ್ ವ್ಯವಹಾರದಂತೆಯೇ ಕೇಳಿಸಿತು: ನೀರು ಬೀಳುತ್ತದೆಂದು ಯಾರೂ ಬರೆದುಕೊಡುವುದಿಲ್ಲ, ಪೈಪಿನ ದುಡ್ಡು ಮಾತ್ರ ಮೊದಲೇ ಇಡಬೇಕು.

ಬಾವ ದುಡ್ಡಿಟ್ಟ. ಹೆಡ್ಡು ಕಸಿಗೆ ಬೇಕಾದ ಇನ್ನೊಂದು ಡಿಸ್ಕೂ ಬಂತು. ಕೆಲವು ವಾರಗಳಾದ ಮೇಲೆ ವಾಟ್ಸಾಪಿಗೊಂದು ಫೋಟೋ ಬಂತು. ಮುಖ ಕಾಣುವಷ್ಟು ಹೊಳೆಯುವ ತಟ್ಟೆ, ಅದರ ನಡುಭಾಗದಲ್ಲಿ ಬೂದು ಬಣ್ಣದ ಉಂಗುರ. ಹೆಡ್ಡು ಉಜ್ಜಿ ಕಾಂತದ ಲೇಪವೇ ಕೆರೆದುಹೋಗಿತ್ತು. ಲೇಪ ಪುಡಿಯಾದ ಮೇಲೆ ಎಂಥ ಲ್ಯಾಬಿನವರಿಗೂ ಓದಲು ಅಲ್ಲಿ ಏನೂ ಇರುವುದಿಲ್ಲ.

ಆಮೇಲೆ ಬಾವ ಮಾಡಿದ್ದು ಯಾವ ಲ್ಯಾಬಿನವರಿಗೂ ಹೊಳೆಯದ ಕೆಲಸ. ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಮದುವೆಯಾದ ಮನೆಗಳಿಗೇ ಹೋದ. ರಾಯಲ್ಪಾಡಿನಲ್ಲಿ ಬೀರುವಿನ ಸೀರೆ ಮಡಿಕೆಯಿಂದ ಡಿವಿಡಿ ಬಂತು, ಮದನಪಲ್ಲಿಯ ಬೀಗರ ದೇವರ ಮನೆಯಿಂದ ಪೆನ್‌ಡ್ರೈವ್ ಬಂತು. ಪ್ರತಿ ಮನೆಯಲ್ಲೂ ಕಾಫಿ ಕೊಟ್ಟರು. ಜೊತೆಗೆ, “ನಮ್ಮ ದೊಡ್ಡಪ್ಪ ಒಂದು ಸಲವೂ ಕಾಣಿಸಲ್ಲ, ನಿಮ್ಮ ಕಡೆಯೋರೇ ಎಲ್ಲಾ ಅವ್ರೆ” ಎಂಬ ಹಳೆಯ ದೂರನ್ನೂ ಕೊಟ್ಟರು. ಹೀಗೆ ಮುಹೂರ್ತ, ಧಾರೆ, ಗುಲಾಬಿ ಹೂವು, ಸ್ವಿಟ್ಜರ್ಲೆಂಡ್, ಹೆಚ್ಚುಕಡಿಮೆ ಎಲ್ಲ ವಾಪಸಾದವು.

ಬರದಿದ್ದುದು ಒಂದೇ. ನನ್ನ ಅಮ್ಮನ ಅಮ್ಮ, ಅವನಿಗೆ ಅಪ್ಪನ ಅಮ್ಮ, ನಮ್ಮಿಬ್ಬರ ಅವ್ವ. ನನ್ನ ತಂಗಿಯ ಮದುವೆಯಲ್ಲಿ ಛತ್ರದ ಕಂಬಕ್ಕೊರಗಿ ಕೂತು, ವಿಡಿಯೋ ಲೈಟು ಕಣ್ಣಿಗೆ ಬಿದ್ದಾಗಲೆಲ್ಲ ಸೆರಗು ಅಡ್ಡ ಹಿಡಿದು ಬಾವನನ್ನು ಎರಡೂ ಭಾಷೆಯಲ್ಲಿ ಬೈದಿದ್ದಳು. “ಉಣ್ಣೋರ ಬಾಯಿಗೆ ಲೈಟು ಹಿಡೀಬೇಡ ಕಣೋ, ದರಿದ್ರ!” ಮುಂದಿನ ಯುಗಾದಿಗೆ ಅವಳಿರಲಿಲ್ಲ. ಅವಳ ದನಿ ಉಳಿದದ್ದು ಆ ಬೈಗುಳದಲ್ಲಿ ಮಾತ್ರ, ಆ ಬೈಗುಳ ಉಳಿದದ್ದು ಆ ಡಿಸ್ಕಿನಲ್ಲಿದ್ದ, ಮಿಕ್ಸಿಂಗಿಗೆ ಮುಂಚಿನ ಕಚ್ಚಾ ವಿಡಿಯೋದಲ್ಲಿ ಮಾತ್ರ.

“ಚೆನ್ನಾಗಿರಲ್ಲ ಅಂತ ನಾನೇ ಕಟ್ ಮಾಡಿದ್ದೆ. ಅಲ್ಲಿ ಹಿಮ ಹಾಕಿದೆ” ಅಂದ ಬಾವ.

ಚಂದವೆಂದು ನಾವು ಆರಿಸಿದ್ದಕ್ಕೆ ಹತ್ತು ಮನೆಯಲ್ಲಿ ನಕಲಿರುತ್ತದೆ. ಬೇಡವೆಂದು ಬಿಟ್ಟದ್ದು ಒಂದೇ ಕಡೆ ಬಿದ್ದಿರುತ್ತದೆ, ಅದು ಬೇಕೆನಿಸುವುದು ತಡವಾಗಿ. ಆದ್ದರಿಂದ ಮನೆಯಲ್ಲಿ ಮದುವೆಯಿದ್ದರೆ, ವಿಡಿಯೋದವರಿಗೆ ಬಾಕಿ ಹಣ ಕೊಡುವ ಮೊದಲು ಕತ್ತರಿಸಿ ಬಿಸಾಡಿದ್ದನ್ನೂ ಕೇಳಿ ಪಡೆಯಿರಿ. ಒಂದು ನಕಲು ನಿಮ್ಮಲ್ಲಿರಲಿ, ಇನ್ನೊಂದು ಬೀಗರ ಮನೆಯಲ್ಲಿ. ನಿಮ್ಮದು ಕೆಟ್ಟ ದಿನ ಅವರಿಂದ ವಾಪಸು ಕೇಳಲು ಸಂಕೋಚ ಬೇಡ. ಕೊಟ್ಟದ್ದನ್ನು ಬೀಗರಿಗೆ ನೆನಪಿಸುವುದು ನಮ್ಮ ಕಡೆ ತಪ್ಪಲ್ಲ.