"ಆರಾಮ್ ಅದೀನಿ" ಅಂದ್ರೆ ಸಾಕಾಗಲ್ಲ
ಊರು ಬಿಟ್ಟೋರಿಗೆ | ಭಾಗ 6

ಅಕ್ಟೋಬರ್ ಸೆಮಿಸ್ಟರಿಗೆ ಜರ್ಮನಿಗೆ ಹೊರಟಿರೋ ಗೆಳೆಯರೇ, ಜೂನಿಯರ್ಸೇ, ನೀವೆಲ್ಲ ಮೆಸೇಜ್ ಮಾಡಿ ಕೇಳೋದು ಒಂದೇ: "ಅಲ್ಲಿ ಸೇಫಾ?" ಪೂರ್ತಿ ಸೇಫ್ ಅನ್ನೋ ಊರು ಎಲ್ಲೂ ಇಲ್ಲ. ನಾನು ತಿರುಗಿ ಕೇಳೋದು ಬೇರೆ. ಇವತ್ತು ರಾತ್ರಿ ನೀವು ಎಲ್ಲಿದ್ದೀರಿ ಅಂತ ಯಾರಿಗೆ ಗೊತ್ತಿರುತ್ತೆ?

ನಮ್ಮ ಹೊಸಪೇಟೆ ಲಾಡ್ಜ್‌ಗಳನ್ನೇ ನೋಡಿ. ಹಂಪಿ ನೋಡಕ್ಕೆ ಬಂದ ವಿದೇಶಿಯರು ರೂಮ್ ತಗೊಂಡ್ರೆ, ಲಾಡ್ಜ್‌ನವರು ಪಾಸ್‌ಪೋರ್ಟು, ವೀಸಾ ನೋಡಿ 24 ಗಂಟೆಯೊಳಗೆ ಫಾರ್ಮ್ ತುಂಬಿ ಕಳಿಸ್ಬೇಕು. ಅವರು ಎಲ್ಲಿದ್ದಾರೆ ಅನ್ನೋದಕ್ಕೆ ದಾಖಲೆ ಇರುತ್ತೆ. ಜರ್ಮನಿಯಲ್ಲಿ ಆ ವಿದೇಶಿ ನೀವೇ. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಮಾಡಿಸ್ಬೇಕು, ಅಲ್ಲಿ ಅದಕ್ಕೆ ಆನ್‌ಮೆಲ್ಡುಂಗ್ ಅಂತಾರೆ. ಅದು ಜರ್ಮನಿ ಸರ್ಕಾರಕ್ಕಾಯ್ತು. ನಮ್ಮ ಸರ್ಕಾರಕ್ಕೂ ಗೊತ್ತಿರ್ಬೇಕಂದ್ರೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿ ಅಂತ ಹೆಸರು ಹಾಕಿಸ್ಬೇಕು. ಅದನ್ನ ಯಾರೂ ನೆನಪಿಸಲ್ಲ.

ಇದೆಲ್ಲ ಯಾಕೆ ಅಂತೀರಾ? 2022 ನೆನಪು ಮಾಡ್ಕೊಳ್ಳಿ. ಉಕ್ರೇನ್‌ನಲ್ಲಿದ್ದ ನಮ್ಮ ರಾಯಭಾರ ಕಚೇರಿ ಜನವರಿಯಲ್ಲೇ ವಿದ್ಯಾರ್ಥಿಗಳಿಗೆ ನೋಂದಾಯಿಸ್ಕೊಳ್ಳಿ ಅಂದಿತ್ತು. ಫೆಬ್ರವರಿ 15ಕ್ಕೆ, ಇರಲೇಬೇಕು ಅಂತಿಲ್ಲದೋರು ಸದ್ಯಕ್ಕೆ ಹೊರಡಿ ಅಂತು. ಫೆಬ್ರವರಿ 24ಕ್ಕೆ ಯುದ್ಧ ಶುರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆ ಚಳಗೇರಿಯ ನವೀನ್ ಶೇಖರಪ್ಪ ಗ್ಯಾನಗೌಡರ್ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡರು. ಊಟದ ಸಾಮಾನು ತರಕ್ಕೆ ಹೋಗಿದ್ದರು. ವಯಸ್ಸು 21, ನಮ್ಮ ನಿಮ್ಮ ವಾರಿಗೆಯವರೇ.

ಆ ಶೆಲ್ಲನ್ನ ಯಾವ ಫಾರ್ಮೂ ತಡೀತಿರಲಿಲ್ಲ. ಆದ್ರೆ ಮರುದಿನ ಬಂದ ಸೂಚನೆ ನೋಡಿ: ಖಾರ್ಕಿವ್ ಈಗಲೇ ಬಿಡಿ, ಗಾಡಿ ಸಿಗದಿದ್ರೆ ನಡ್ಕೊಂಡೇ ಹೋಗಿ. ಇಂಥ ಮಾತು ನಿಮಗೆ ಹೊತ್ತಿಗೆ ಮುಟ್ಟಬೇಕಂದ್ರೆ ನಿಮ್ಮ ನಂಬರ್ ಯಾವುದಾದ್ರೂ ಪಟ್ಟಿಯಲ್ಲಿ ಇರ್ಬೇಕಲ್ಲ?

ಯುದ್ಧ ದೂರದ ಮಾತು ಅನ್ಸಬಹುದು. ಸರಿ, ರಸ್ತೆಗೇ ಬರೋಣ. 2025ರಲ್ಲಿ ಐರ್ಲೆಂಡ್‌ನ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳಾದಾಗ, ಅಲ್ಲಿನ ನಮ್ಮ ರಾಯಭಾರ ಕಚೇರಿ ಹೊತ್ತಲ್ಲದ ಹೊತ್ತಲ್ಲಿ ನಿರ್ಜನ ಜಾಗಕ್ಕೆ ಹೋಗಬೇಡಿ ಅಂತು. ಒಳ್ಳೇ ಮಾತೇ. ಆದ್ರೆ ಗೋಡೌನ್ ಶಿಫ್ಟ್ ಮುಗಿಯೋದೇ ನಡುರಾತ್ರಿ ಆದ್ರೆ ಏನ್ ಮಾಡ್ತೀರಿ? ರೂಮ್‌ಮೇಟ್‌ಗೆ ಲೈವ್ ಲೊಕೇಶನ್ ಕಳಿಸಿ, ಮನೆ ಮುಟ್ಟಿದ ಮೇಲೆ ಒಂದು ಮೆಸೇಜ್ ಹಾಕಿ. ಇಷ್ಟಕ್ಕೆ ಯಾರೂ ನಿಮ್ಮನ್ನ ಪುಕ್ಕಲು ಅನ್ನಲ್ಲ.

ಈಗ ಫೋನ್ ನಂಬರ್. ಜರ್ಮನಿಯಲ್ಲಿ ಪೊಲೀಸ್ 110, ಆಂಬುಲೆನ್ಸು, ಬೆಂಕಿ 112. ಸಿಮ್ ಇಲ್ಲದ ಫೋನಿಂದ ಅಲ್ಲಿ 112 ಹೋಗಲ್ಲ, ಅದಕ್ಕೇ ಮೊದಲ ದಿನವೇ ಸಿಮ್ ಹಾಕ್ಕೊಳ್ಳಿ. ಫೋನ್ ಎತ್ತಿದೋರಿಗೆ ಏನಾಯ್ತು ಅನ್ನೋಕಿಂತ ಮೊದಲು ಎಲ್ಲಿ ಅಂತ ಹೇಳಿ, ಬೀದಿ ಹೆಸರು, ಮನೆ ನಂಬರ್ ಸಮೇತ. ಲೈನ್ ಕಟ್ಟಾದ್ರೂ ಗಾಡಿ ಬರುತ್ತೆ.

ಇನ್ನೊಂದು ಸಂಗತಿ. ನೀವು ಎರಡು ದಿನ ಫೋನ್ ಎತ್ತದಿದ್ರೆ ಅಪ್ಪ ಇಲ್ಲಿಂದ 112 ಒತ್ತಿದ್ರೆ ಅದು ಹೋಗೋದು ಕರ್ನಾಟಕ ಪೊಲೀಸರಿಗೆ, ಜರ್ಮನಿಗಲ್ಲ. ದಿನಾ "ಆರಾಮ್ ಅದೀನಿ" ಅಂತ ಕೇಳಿಸ್ಕೊಂಡ ಮನೆಯವರ ಹತ್ರ ಎಷ್ಟೋ ಸಲ ನಿಮ್ಮ ಪೂರ್ತಿ ವಿಳಾಸವೂ ಇರಲ್ಲ. ಅವರು ಹೆದರ್ತಾರೆ ಅಂತ ನಾವು ಹೇಳಲ್ಲ, ನಾವು ಬೇಜಾರಾಗ್ತೀವಿ ಅಂತ ಅವರು ಕೇಳಲ್ಲ.

ಅದಕ್ಕೆ ಬ್ಯಾಗ್ ಕಟ್ಟೋ ಮುಂಚೆ ಒಂದು ಹಾಳೆ ತಗೊಳ್ಳಿ. ಅಲ್ಲಿನ ವಿಳಾಸ, ರೂಮ್‌ಮೇಟ್ ನಂಬರ್, ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿ ನಂಬರ್, ಬರ್ಲಿನ್ ರಾಯಭಾರ ಕಚೇರಿ ಇಲ್ಲಾ ನಿಮಗೆ ಹತ್ತಿರದ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್ ಕಾನ್ಸುಲೇಟ್ ನಂಬರ್, ಎಲ್ಲಾ +49 ಸೇರಿಸಿ ಬರೀರಿ. ದಪ್ಪಕ್ಷರದಲ್ಲಿ, ಕನ್ನಡದಲ್ಲಿ. ಅಮ್ಮನ ಕೈಗೆ ಸಿಗೋ ಜಾಗದಲ್ಲಿ ಅಂಟಿಸಿ.

ಹೊರಟಿರೋ ಫ್ರೆಂಡಿಗೆ ಇದನ್ನ ಕಳಿಸಿ. ಭಾಗ 7ರಲ್ಲಿ ಬಾಡಿಗೆ ಮನೆ ಮೋಸದ ಬಗ್ಗೆ ಮಾತಾಡೋಣ.

#ಹೊಸಪೇಟೆ #ಊರುಬಿಟ್ಟೋರಿಗೆ #ಜರ್ಮನಿಯಲ್ಲಿಕನ್ನಡಿಗರು