ಸಾವಿರ ಕಂಠಗಳ ಬೀಳ್ಕೊಡುಗೆ

ಗುಸ್ತಾವ್ ಮಾಹ್ಲರನ ಎಂಟನೆಯ ಸಿಂಫನಿಗೆ ‘ಸಾವಿರ ಮಂದಿಯ ಸಿಂಫನಿ’ ಎಂದು ಹೆಸರಿಟ್ಟವನು ಮಾಹ್ಲರನಲ್ಲ; ಮ್ಯೂನಿಕ್ ನಗರದಲ್ಲಿ ಅದರ ಪ್ರಥಮ ಪ್ರಯೋಗವನ್ನು ಏರ್ಪಡಿಸಿದ ಎಮಿಲ್ ಗುಟ್ಮನ್. ಟಿಕೆಟು ಮಾರುವವನ ಜಾಣತನ ಅದು, ಕೃತಿಕಾರನಿಗೆ ಹಿಡಿಸಲಿಲ್ಲ. ಆದರೆ 1910ರ ಸೆಪ್ಟೆಂಬರ್ 12ರಂದು ನೆರೆದಿದ್ದ ಗಾಯಕರು 858, ವಾದ್ಯಗಾರರು 171 ಎಂಬ ಲೆಕ್ಕವನ್ನು ನೋಡಿದರೆ ಗುಟ್ಮನ್ ಸುಳ್ಳಾಡಿದನೆನ್ನುವಂತಿಲ್ಲ.

ಇಂತಹ ಬೃಹತ್ಕೃತಿಯನ್ನು ಮಾಹ್ಲರ್ 1906ರ ಬೇಸಗೆಯಲ್ಲಿ, ಆಸ್ಟ್ರಿಯದ ಸರೋವರವೊಂದರ ತಡಿಯಲ್ಲಿದ್ದ ಮೈಯರ್‌ನಿಗ್ ಎಂಬಲ್ಲಿ, ಎಂಟು ವಾರಗಳಷ್ಟರಲ್ಲಿ ರಚಿಸಿದ. ಮೊದಲ ಭಾಗಕ್ಕೆ ಆಧಾರ ಒಂಬತ್ತನೆಯ ಶತಮಾನದ ಲ್ಯಾಟಿನ್ ಪ್ರಾರ್ಥನೆ. ಎರಡನೆಯದಕ್ಕೆ ಗಯಟೆಯ ‘ಫೌಸ್ಟ್’ ನಾಟಕದ ಕಡೆಯ ದೃಶ್ಯ. ಒಂದು ಕೃಪೆಯನ್ನು ಬೇಡುತ್ತದೆ, ಇನ್ನೊಂದರಲ್ಲಿ ಕೃಪೆ ದೊರೆಯುತ್ತದೆ. ಫೌಸ್ಟ್ ಯಾರ ಬಾಳನ್ನು ಕೆಡಿಸಿದನೋ ಆ ಹೆಣ್ಣೇ ಅವನ ಆತ್ಮಕ್ಕಾಗಿ ಬೇಡಿಕೊಳ್ಳುತ್ತಾಳೆ. ಮರುವರ್ಷವೇ ಮಾಹ್ಲರನ ಹಿರಿಯ ಮಗಳು ತೀರಿಕೊಂಡಳು. ಅವನ ಹೃದಯದ ದೋಷವೂ ಬೆಳಕಿಗೆ ಬಂದಿತು. ಸಂತೋಷದ ದಿನಗಳಲ್ಲಿ ಬರೆದ ಸಂಗೀತವನ್ನು ಆತ ಮ್ಯೂನಿಕ್ಕಿನಲ್ಲಿ ನಡೆಸಿದ್ದು ಬಳಲಿದ ದೇಹದಿಂದ. ಮುಗಿದೊಡನೆ ಮೇಳದ ಮಕ್ಕಳ ಬಳಿಗೆ ಹೋಗಿ ಅವರ ಕೈಗಳನ್ನು ಹಿಡಿದನಂತೆ. ಎಂಟು ತಿಂಗಳಲ್ಲಿ, 1911ರ ಮೇ 18ರಂದು, ಅವನೂ ಇಲ್ಲವಾದ.

ಅಂದು ಸಭೆಯಲ್ಲಿದ್ದ ತರುಣ ಸ್ಟೊಕೋವ್‌ಸ್ಕಿ 1916ರಲ್ಲಿ ಅದನ್ನು ಫಿಲಡೆಲ್ಫಿಯಕ್ಕೆ ಒಯ್ದ. 1971ರಲ್ಲಿ ಷೋಲ್ಟಿ ಷಿಕಾಗೋ ವಾದ್ಯವೃಂದವನ್ನು ವಿಯೆನ್ನಾದಲ್ಲಿ ಕೂರಿಸಿ ಮಾಡಿದ ಧ್ವನಿಮುದ್ರಿಕೆ ಬಹುಕಾಲ ಉಳಿದವಕ್ಕೆಲ್ಲ ಅಳತೆಗೋಲಾಯಿತು. ಈಚಿನ ಮುದ್ರಿಕೆಗಳಲ್ಲಿ ಮನಸ್ಸನ್ನು ಸೆಳೆಯುವುದು 2022ರ ಜೂನ್ ತಿಂಗಳಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಓಸ್ಮೊ ವ್ಯಾನ್ಸ್ಕಾ ಅವರು ಮಿನೆಸೋಟ ವಾದ್ಯವೃಂದದಿಂದ ನುಡಿಸಿದ್ದು. ಹೊರತಂದುದು ಸ್ವೀಡನ್ನಿನ ಬಿಸ್ ಸಂಸ್ಥೆ.

ಈ ಮುದ್ರಿಕೆಯ ಹಿಂದೆ ಒಂದು ಕಥೆಯಿದೆ. 2012ರ ಅಕ್ಟೋಬರಿನಲ್ಲಿ ಸಂಬಳದ ಕಡಿತವನ್ನು ಒಪ್ಪದ ವಾದ್ಯಗಾರರನ್ನು ಆಡಳಿತವರ್ಗ ಹೊರಗಿಟ್ಟಿತು. ವರ್ಷ ಕಳೆದರೂ ರಾಜಿಯಾಗಲಿಲ್ಲ. ಮರುವರ್ಷದ ಅಕ್ಟೋಬರಿನಲ್ಲಿ ವ್ಯಾನ್ಸ್ಕಾ ರಾಜೀನಾಮೆಯಿತ್ತು, ಹೊರಬಿದ್ದ ತಮ್ಮ ವಾದ್ಯಗಾರರೊಡನೆ ಬೇರೊಂದು ಸಭಾಂಗಣದಲ್ಲಿ ವಿದಾಯದ ಕಚೇರಿ ನಡೆಸಿದರು. ಕೊನೆಗೆ ಸಿಬೇಲಿಯಸನ ಸಣ್ಣದೊಂದು ಕೃತಿಯನ್ನು ನುಡಿಸುವ ಮುನ್ನ, ದಯವಿಟ್ಟು ಚಪ್ಪಾಳೆ ತಟ್ಟಬೇಡಿ ಎಂದು ಬೇಡಿದರು. ಜನ ಮೌನವಾಗಿ ಎದ್ದುಹೋದರು. 2014ರಲ್ಲಿ ಬಾಗಿಲು ತೆರೆಯಿತು, ಅವರೂ ಮರಳಿದರು. ಇನ್ನೆಂಟು ವರ್ಷ ದುಡಿದರು. ಈ ಬಾರಿ ನಿಜವಾಗಿ ಹೊರಡುವ ಹೊತ್ತಿಗೆ ಅವರು ಆರಿಸಿಕೊಂಡದ್ದು ಮಾಹ್ಲರನ ಎಂಟನೆಯದನ್ನು!

ಷೋಲ್ಟಿಯ ಸಿಡಿಲನ್ನು ಬಯಸುವವರಿಗೆ ಇದು ತುಸು ಸಪ್ಪೆಯೆನಿಸಬಹುದು. ವ್ಯಾನ್ಸ್ಕಾ ಅವರ ಒಲವು ಅಬ್ಬರದ ಕಡೆಗಲ್ಲ, ಸ್ಪಷ್ಟತೆಯ ಕಡೆಗೆ. ಆದರೆ ಮನೆಯ ಕೋಣೆಯಲ್ಲಿ ಕೇಳುವವರಿಗೆ ಅದೇ ಲಾಭ. ಸಾವಿರ ಕಂಠಗಳ ಗದ್ದಲವನ್ನು ಯಾವ ಪೆಟ್ಟಿಗೆ ತಾನೇ ಹಿಡಿದಿಟ್ಟೀತು? ಈ ಕೃತಿಯ ನಿಜವಾದ ಪರೀಕ್ಷೆಯಿರುವುದು ಅಂತ್ಯದ ಮೇಳಗಾನದಲ್ಲಿ. ಅಷ್ಟು ದೊಡ್ಡ ಸಮೂಹ ಅಲ್ಲಿ ಉಸಿರಿನಷ್ಟು ಮೆಲ್ಲಗೆ ಹಾಡತೊಡಗುತ್ತದೆ. ಕೇಳಿಸಲಿಲ್ಲವೆಂದು ಕೀಲಿಯನ್ನು ತಿರುಗಿಸಬಾರದು. ಕೆಲವೇ ನಿಮಿಷಗಳಲ್ಲಿ ಆರ್ಗನ್ನೂ, ಮುಖ್ಯ ವೃಂದದಿಂದ ದೂರದಲ್ಲಿ ನಿಲ್ಲಿಸಿದ ತುತೂರಿಗಳೂ ಕೂಡಿಕೊಳ್ಳುತ್ತವೆ. ನೆರೆಮನೆಯವರು ಬಾಗಿಲು ತಟ್ಟುವುದು ಆಗಲೇ.